ಸೇತುವೆಯ ಅಂಕಿ ಓದಿ ಬನ್ನಿ

ಪ್ರಶ್ನೆ: ಅಕ್ಕಾ, ನಾನು ಅಥಣಿ ಕಡೆಯವನು. ಸಾಂಗ್ಲಿಯ ಅರಿಶಿನ ಪೇಟೆಯಲ್ಲಿ ಅಡತಿ ಅಂಗಡಿಯ ಲೆಕ್ಕ ಬರೆಯುತ್ತೇನೆ. ದಿನವಿಡೀ ಗದ್ದಲ. ತಲೆ ಹಗುರಾಗಲಿ ಅಂತ ಸಂಜೆ ಕೃಷ್ಣೆಯ ದಂಡೆಗೆ ಹೋಗುತ್ತೇನೆ. ಅಲ್ಲೂ ಚೀಲ, ತೂಕ, ಬಾಕಿ ಇವೇ ಸುತ್ತುತ್ತವೆ. ನನಗೆ ಈ ವಾಕಿಂಗ್ ಒಗ್ಗುವುದಿಲ್ಲವೇ?
– ಓದುಗ, ಸಾಂಗ್ಲಿ

ಉತ್ತರ: ಒಗ್ಗುತ್ತದೆ ತಮ್ಮಾ. ಲೆಕ್ಕ ಬರೆಯುವವರ ತಲೆಗೆ ಸುಮ್ನಿರು ಅಂದರೆ ಅದು ಕೇಳುವುದಿಲ್ಲ. ಬೇರೆ ಅಂಕಿ ಕೊಡಬೇಕು.

ಆಯರ್ವಿನ್ ಸೇತುವೆ ನೋಡಿದ್ದೀರಲ್ವಾ, 1929ರದ್ದು? ಕೃಷ್ಣೆ ಎಷ್ಟು ಅಡಿ ಏರಿದೆ ಅಂತ ಸಾಂಗ್ಲಿಯವರು ಅಳೆಯುವುದು ಅಲ್ಲಿಯೇ. 40 ಅಡಿಗೆ ಎಚ್ಚರಿಕೆ, 45ಕ್ಕೆ ಅಪಾಯ. 2019ರ ಆಗಸ್ಟಿನಲ್ಲಿ 57 ದಾಟಿತ್ತು. ಆಗ ನಾವು ಮನೆಯ ಮಾಳಿಗೆ ಮೇಲೆ. ರಾತ್ರಿ ಮೇಣದಬತ್ತಿ ಹಿಡಿದು ಮೆಟ್ಟಿಲು ಎಣಿಸಿದೆ. 16ರಲ್ಲಿ 9 ಮುಳುಗಿದ್ದವು. ಬೆಳಗಾಗುವಾಗ 11. ಹನ್ನೆರಡನೆಯದರ ಮೇಲೆ ನನ್ನ ಚಪ್ಪಲಿ ಇತ್ತು, ಅದು ಮಾತ್ರ ಒಣಗಿಯೇ ಉಳಿಯಿತು.

ಆಮೇಲೆ ಒಂದು ವರ್ಷ ಹೊಳೆಯ ಘಾಟಿನ ಕಡೆ ತಲೆ ಹಾಕಲಿಲ್ಲ. ಮತ್ತೆ ಹೋಗತೊಡಗಿದಾಗ ಹೆದರಿಕೆಯಿಂದ ಮೊದಲು ನೀರಿನ ಮಟ್ಟವನ್ನೇ ನೋಡುತ್ತಿದ್ದೆ. ಕೆಳಗಿದೆ ಅಂತ ಗೊತ್ತಾದರೆ ಕಾಲು ತಾನಾಗಿ ನಿಧಾನವಾಗುತ್ತಿತ್ತು. ಈಗ ಹೆದರಿಕೆ ಇಲ್ಲ, ನೋಡುವ ಚಟ ಉಳಿದಿದೆ.

ನೀವೂ ಹಾಗೆ ಮಾಡಿ. ಫೋನು ರೂಮಿನಲ್ಲೇ ಇರಲಿ. ಸೇತುವೆ ಮೇಲೆ ಬೇಡ, ಆ ಹೊತ್ತಿಗೆ ಗಾಡಿಗಳ ಹಾರ್ನು ಜಾಸ್ತಿ. ಘಾಟಿನ ಮೆಟ್ಟಿಲ ಮೇಲೆ ಕೂತು ನೀರು ನಿನ್ನೆಗಿಂತ ಏರಿತೋ ಇಳಿಯಿತೋ ನೋಡಿ. ಮೊದಲ ಹತ್ತು ನಿಮಿಷ ಬಾಕಿ ಲೆಕ್ಕ ಬಂದೇ ಬರುತ್ತದೆ. ಬರಲಿ ಬಿಡಿ, ಜಗಳ ಆಡಬೇಡಿ. ಉಗುರಿನ ಸಂದಿಯ ಅರಿಶಿನ ತೊಳೆದುಕೊಳ್ಳಿ. ಪೂರ್ತಿ ಹೋಗುವುದಿಲ್ಲ, ನಮ್ಮ ಯಜಮಾನರದ್ದು ಮೂವತ್ತು ವರ್ಷವಾದರೂ ಹೋಗಿಲ್ಲ! ಸೂರ್ಯ ಆಚೆ ದಂಡೆಯ ಸಾಂಗ್ಲಿವಾಡಿಯ ಹಿಂದೆ ಇಳಿಯುವ ತನಕ ಕೂತಿರಿ. ಬರುವಾಗ ಒಂದು ಪೊಟ್ಟಣ ಭಡಂಗ, ಅದೇ ಖಾರದ ಚುರುಮುರಿ, ತಗೊಳ್ಳಿ.

ಮಳೆಗಾಲದಲ್ಲಿ ನೀರು ಮೇಲೇರಿದ್ದರೆ ಮಾತ್ರ ಮೆಟ್ಟಿಲಿಗೆ ಇಳಿಯಬೇಡಿ. ನಿದ್ದೆಯೂ ಕೆಟ್ಟಿದ್ದರೆ ಡಾಕ್ಟರಿಗೆ ತೋರಿಸಿ.

ಇನ್ನೊಂದು ಮಾತು. ಈ ನೀರು ಉಗಾರ, ಕುಡಚಿ ಅಂತ ನಿಮ್ಮ ಸೀಮೆಗೇ ಹೋಗುತ್ತದೆ. ಊರಿಗೆ ಫೋನ್ ಮಾಡಿದಾಗ ಅಲ್ಲಿ ಹೊಳೆ ಎಷ್ಟಿದೆ ಅಂತ ಅವ್ವನನ್ನು ಕೇಳಿ.