ಒಂದೇ ನೀಲಿ, ಎರಡು ಛಾಯೆ ಯಾಕೆ?

ಪ್ರಶ್ನೆ: ಹಾಸನದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದೇನೆ. ಚೂಡಿದಾರಕ್ಕೆ ನೀಲಿ ಕಾಟನ್ ತರಿಸಿದೆ. ಟಾಪಿಗೆ ಮಾಮೂಲಿ ಬಟ್ಟೆ, ಪ್ಯಾಂಟಿಗೆ ಮೆತ್ತನೆಯ, ಸುಕ್ಕಾಗದ ಬಟ್ಟೆ. ಬಣ್ಣದ ನಂಬರ್ ಒಂದೇ, ಆದರೂ ಪ್ಯಾಂಟು ಕಡು ನೀಲಿ ಕಾಣುತ್ತದೆ. ಅಂಗಡಿಯವರು ಮೋಸ ಮಾಡಿದರಾ?
– ಓದುಗರೊಬ್ಬರು, ಹಾಸನ

ಉತ್ತರ: ಮೋಸ ಅಂತ ಈಗಲೇ ಹೇಳಬೇಡಿ. ಎರಡಕ್ಕೂ ಒಂದೇ ಬಣ್ಣ ಹಾಕಿದ್ದರೂ ಹೀಗಾಗುತ್ತದೆ. ಬಟ್ಟೆಗೆ ಬಣ್ಣ ಹಾಕಿದ ಮೇಲೆ ಅದನ್ನು ಮೆತ್ತಗೆ, ಸುಕ್ಕಾಗದಂತೆ ಮಾಡುವ ಫಿನಿಶಿಂಗ್ ಅಂತ ಇನ್ನೊಂದು ಹಂತ ಇದೆ, ಬಣ್ಣ ಬದಲಾಗುವುದು ಅಲ್ಲೇ.

ಮೆತ್ತಗಾಗಲು ಸಾಮಾನ್ಯವಾಗಿ ಸಿಲಿಕೋನ್ ಹಾಕುತ್ತಾರೆ. ಅದು ನೂಲಿನ ಎಳೆಗಳ ಮೇಲೆ ತೆಳುವಾಗಿ ಕೂರುತ್ತದೆ, ಆಗ ಬೆಳಕು ಚದುರಿ ವಾಪಸ್ ಬರುವುದು ಕಡಿಮೆಯಾಗಿ ಬಣ್ಣ ಗಾಢವಾಗುತ್ತದೆ. ಒದ್ದೆ ಬಟ್ಟೆ ಕಪ್ಪಗೆ ಕಾಣುತ್ತದಲ್ವಾ, ಹಾಗೆ. ನಿಮ್ಮ ಪ್ಯಾಂಟಿನಲ್ಲಿ ಆಗಿರುವುದು ಬಹುಶಃ ಇದೇ.

ಸುಕ್ಕಾಗದಂತೆ ಮಾಡುವುದು ಬೇರೆ ಕತೆ. ಹತ್ತಿಯ ಮೂಲ ವಸ್ತುವಾದ ಸೆಲ್ಯುಲೋಸ್‌ನ ಸರಪಳಿಗಳನ್ನು ರೆಸಿನ್ ಎಂಬ ಅಂಟಿನಂಥ ವಸ್ತು ಒಂದಕ್ಕೊಂದು ಕಟ್ಟಿಹಾಕುತ್ತದೆ. ಅದು ಗಟ್ಟಿಯಾಗಿ ಹಿಡಿಯಲು ಮೆಗ್ನೀಸಿಯಮ್ ಕ್ಲೋರೈಡ್‌ನಂಥ ರಾಸಾಯನಿಕ ಸೇರಿಸಿ ಸುಮಾರು 150ರಿಂದ 170 ಡಿಗ್ರಿ ಸೆಲ್ಸಿಯಸ್ ಶಾಖ ಕೊಡುತ್ತಾರೆ. ಅಷ್ಟು ಬಿಸಿ, ಜೊತೆಗೆ ಆ ರಾಸಾಯನಿಕದ ಹುಳಿ (ಆಮ್ಲ) ಗುಣ, ಎರಡನ್ನೂ ಎಲ್ಲ ಬಣ್ಣಗಳೂ ತಡೆಯುವುದಿಲ್ಲ. ಕೆಲವು ಛಾಯೆ ಬದಲಿಸುತ್ತವೆ, ಕೆಲವು ಆಮೇಲೆ ಬಿಸಿಲಿಗೆ ಬೇಗ ಮಾಸುತ್ತವೆ. ಅದಕ್ಕೇ ಒಳ್ಳೆಯ ಮಿಲ್‌ನವರು ಫಿನಿಶ್ ಆದ ಮೇಲಿನ ತುಂಡನ್ನೇ ಸ್ಯಾಂಪಲ್ ಜೊತೆ ಹೋಲಿಸುತ್ತಾರೆ, ಮೊದಲೇ ಲೆಕ್ಕ ಹಾಕಿ ಬಣ್ಣ ಸ್ವಲ್ಪ ತಿಳಿಯಾಗಿ ಹಾಕುವುದೂ ಉಂಟು.

ಬಿಳಿ ಬಟ್ಟೆಯಲ್ಲಿ ಇನ್ನೂ ಹುಷಾರಾಗಿರಿ. ಮೆತ್ತಗಾಗಲು ಹಾಕುವ ಕೆಲವು ಸಾಫ್ಟ್‌ನರ್‌ಗಳು ಬಿಸಿಗೆ ಹಳದಿ ತಿರುಗುತ್ತವೆ. ಬಿಳುಪಿಗೆ ಹಾಕಿದ ಹೊಳಪುಕಾರಿಯ ಕಸುವನ್ನೂ ತಗ್ಗಿಸುತ್ತವೆ.

ಈಗ ನಿಮ್ಮ ಚೂಡಿದಾರ. ಎರಡೂ ಬಟ್ಟೆಯ ಕತ್ತರಿಸಿ ಉಳಿದ ತುಂಡುಗಳನ್ನು ನಾಲ್ಕೈದು ಸಲ ಒಗೆದು ನೋಡಿ. ಸಾಫ್ಟ್‌ನರ್ ಒಗೆತಕ್ಕೆ ಬಿಡುವಂಥದ್ದಾದರೆ ಅಂತರ ಕಡಿಮೆಯಾಗಬಹುದು, ರೆಸಿನ್‌ನಿಂದ ಬದಲಾದ ಛಾಯೆ ಮಾತ್ರ ಹಾಗೇ ಇರುತ್ತದೆ. ಟ್ಯೂಬ್‌ಲೈಟಿನಲ್ಲಿ ನೋಡಿ ಸುಮ್ನೆ ತೀರ್ಮಾನ ಮಾಡಬೇಡಿ, ಬಾಗಿಲ ಹತ್ತಿರ ಹಗಲು ಬೆಳಕಿನಲ್ಲಿ ಹಿಡಿದು ನೋಡಿ. ಆಗಲೂ ವ್ಯತ್ಯಾಸ ಜಾಸ್ತಿ ಇದ್ದರೆ ಗ್ರಾಹಕರಿಗೆ ನೇರವಾಗಿ ಹೇಳಿ, ಅವರು ಒಪ್ಪದಿದ್ದರೆ ಪ್ಯಾಂಟನ್ನು ಟಾಪಿನ ಬಟ್ಟೆಯಲ್ಲೇ ಮತ್ತೆ ಹೊಲಿದು ಕೊಡಿ. ಮುಂದಿನ ಸಲ ಬಣ್ಣದ ನಂಬರ್ ಜೊತೆ ಲಾಟ್ (ಒಂದೇ ಸಲ ಬಣ್ಣ ಹಾಕಿದ ಕಂತು) ಯಾವುದು, ಫಿನಿಶ್ ಯಾವುದು ಅಂತಲೂ ಅಂಗಡಿಯವರನ್ನು ಕೇಳಿ, ಒಂದು ಜೊತೆಗೆ ಬೇಕಾದಷ್ಟನ್ನು ಒಂದೇ ಲಾಟಿನಿಂದ ತೆಗೆದುಕೊಳ್ಳಿ.