ದಿನಾ ಮೆಜೆಸ್ಟಿಕ್‌ನಿಂದ ಸಿಟಿ ಬಸ್ಸಲ್ಲಿ ಓಡಾಡಬೇಕು, ಕಳ್ಳರ ಕೈಗೆ ಸಿಗದಂಥ ಬ್ಯಾಗ್ ಯಾವುದು?

ಬ್ಯಾಗಿಗೆ ಎರಡು ಸಾವಿರ ಸುರಿಯಬೇಡಿ. ಹೊಸ ಕೆಲಸ, ಬೆಳಗ್ಗೆ ಎಂಟರ ಹೊತ್ತಿಗೆ ಪೀಣ್ಯ ಕಡೆ ಬಸ್ಸು ಅಂತ ಬರೆದಿದ್ದೀರಿ. ಅದೇ ದಾರಿಯಲ್ಲಿ ನಾಲ್ಕು ವರ್ಷ ಓಡಾಡಿದವಳು ನಾನು. ನನ್ನ ಬ್ಯಾಗ್ ಗಟ್ಟಿಯಾಗಿಯೇ ಇತ್ತು.

2023ರ ಮಳೆಗಾಲ. ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾಗಿತ್ತು, ಮುಂದಿನ ಬಾಗಿಲಲ್ಲಿ ದಿನಾ ಜಾತ್ರೆ. ಫ್ರೀ ಟಿಕೆಟ್‌ಗೆ ಕಂಡಕ್ಟರ್‌ಗೆ ಆಧಾರ್ ತೋರಿಸಬೇಕಲ್ಲ, ಆ ನೂಕಾಟದಲ್ಲಿ ಪರ್ಸ್ ಯಾರು ಹುಡುಕುತ್ತಾರೆ ಅಂತ ಮೊಬೈಲಿನ ಫ್ಲಿಪ್ ಕವರ್‌ನಲ್ಲೇ ಆಧಾರ್ ಸಿಕ್ಕಿಸಿಟ್ಟೆ. ಕವರ್‌ಗೆ ಮೂರು ಜೇಬು. ಒಂದು ಖಾಲಿ ಇದೆ ಅಂತ ಎಟಿಎಂ ಕಾರ್ಡೂ ಅಲ್ಲಿಗೇ ಬಂತು.

ಕದ್ದಿದ್ದು ಹೀಗೆ. ಮೆಟ್ಟಿಲು ಹತ್ತುತ್ತಿದ್ದೆ. ಮುಂದಿದ್ದ ಹೆಂಗಸು ಫುಟ್‌ಬೋರ್ಡ್ ಮೇಲೆ ನಿಂತುಬಿಟ್ಟು "ಇದು ಯಶವಂತಪುರಕ್ಕೆ ಹೋಗುತ್ತಾ?" ಅಂತ ಡ್ರೈವರನ್ನು ಕೇಳಿದಳು. ಬೋರ್ಡಿನಲ್ಲಿ ದೊಡ್ಡದಾಗಿ ಬರೆದಿತ್ತು! ಹಿಂದಿನಿಂದ ಒಂದು ತಳ್ಳು. ಆಮೇಲೆ ಅವಳು "ಬೇಡ ಬೇಡ" ಅಂತ ಇಳಿದೇ ಹೋದಳು. ಒಳಗೆ ಬಂದು ನೋಡಿದರೆ ಬ್ಯಾಗಿನ ಜಿಪ್ ನಾಲ್ಕು ಬೆರಳಿನಷ್ಟು ತೆರೆದಿತ್ತು. ಟಿಫನ್ ಡಬ್ಬ ಇತ್ತು, ಛತ್ರಿ ಇತ್ತು, ಮೊಬೈಲ್ ಇಲ್ಲ.

ಈಗ ನನ್ನ ತಪ್ಪು. ಇದನ್ನು ಸ್ವಲ್ಪ ಜಾಸ್ತಿಯೇ ಹೇಳ್ತೀನಿ, ಬೇಜಾರಾದರೂ ಓದಿ. ಕಂಡಕ್ಟರ್ ಪಾಪ, ತಮ್ಮ ಫೋನ್ ಕೊಟ್ಟರು. ನಾನು ಏನು ಮಾಡಿದೆ? ನನ್ನ ನಂಬರ್‌ಗೇ ರಿಂಗ್ ಕೊಟ್ಟೆ. ನಾಲ್ಕು ಸಲ ರಿಂಗ್ ಆಯಿತು, ಐದನೇ ಸಲ ಸ್ವಿಚ್ ಆಫ್. ಆಮೇಲೆ ಇಳಿದು ವಾಪಸ್ ಹೋಗಿ ಸ್ಟ್ಯಾಂಡಿನಲ್ಲಿ ಹೂವಿನವರು, ಕಡಲೆಕಾಯಿಯವರು ಎಲ್ಲರನ್ನೂ ಕೇಳಿದೆ. ಎರಡು ಗಂಟೆ ಹೀಗೇ ಹೋಯಿತು. ಸ್ವಿಚ್ ಆಫ್ ಆದಾಗಲೇ ಸಿಮ್ ಹೊರಗೆ ಬಂದಿರಬೇಕು ಅಂತ ನನಗೆ ಹೊಳೆಯಲೇ ಇಲ್ಲ. ನನ್ನ ಮೊಬೈಲಿಗೆ ಬೆರಳಚ್ಚಿನ ಲಾಕ್ ಇತ್ತು, ಅದೇ ಧೈರ್ಯ. ಆದರೆ ಲಾಕ್ ಇದ್ದದ್ದು ಮೊಬೈಲಿಗೆ, ಸಿಮ್‌ಗಲ್ಲ. ಸಿಮ್ ತೆಗೆದು ಬೇರೆ ಯಾವುದೋ ಡಬ್ಬಾ ಫೋನಿಗೆ ಹಾಕಿದರೆ ಓಟಿಪಿ ಅಲ್ಲಿಗೆ ಹೋಗುತ್ತದೆ. ಕಾರ್ಡಿನ ನಂಬರ್ ಮುಂದೆ, ಹಿಂದುಗಡೆ ಸಿವಿವಿ ಅನ್ನೋ ಆ ಮೂರಂಕಿ. ಸಿಮ್, ಕಾರ್ಡ್ ಎರಡನ್ನೂ ನಾನೇ ಒಂದೇ ಕವರ್‌ನಲ್ಲಿ ಕಟ್ಟಿ ಕೊಟ್ಟಿದ್ದೆ. ಮೂರು ಸಲ ಆನ್‌ಲೈನ್‌ನಲ್ಲಿ ಗಿಫ್ಟ್ ವೋಚರ್ ಕೊಂಡಿದ್ದರು, ಒಟ್ಟು 27,000 ರೂಪಾಯಿ. ಬ್ಯಾಂಕಿನ ಮೆಸೇಜ್ ಬಂದರೂ ಅವರಿಗೇ ಬಂತು, ನನಗಲ್ಲ. ಮಧ್ಯಾಹ್ನ ಬ್ರಾಂಚಿಗೆ ಹೋದಾಗಲೇ ಗೊತ್ತಾಗಿದ್ದು. ಓಟಿಪಿ ಹಾಕಿಯೇ ಖರೀದಿ ಆಗಿದೆಯಲ್ಲ ಮೇಡಂ ಅಂದರು. ಮೊಬೈಲಿಗಿಂತ ಜಾಸ್ತಿ ಅದರ ಜೊತೆಗೆ ಹೋಯಿತು.

ಅದಕ್ಕೇ ಹೇಳೋದು, ನಿಮ್ಮ ಪ್ರಶ್ನೆಯೇ ತಪ್ಪು. ಆ ರೂಟಿನಲ್ಲಿ ವರ್ಷಗಟ್ಟಲೆ ಓಡಾಡಿದರೆ ಒಂದು ದಿನ ಮೊಬೈಲ್ ಹೋಗಬಹುದು, ಯಾವ ಬ್ಯಾಗೂ ತಡೆಯಲ್ಲ. ಹೋದರೆ ಬರೀ ಮೊಬೈಲ್ ಹೋಗಬೇಕು, ಅಷ್ಟೇ. ಇವತ್ತು ರಾತ್ರಿಯೇ ಕಾರ್ಡನ್ನು ಕವರ್‌ನಿಂದ ತೆಗೆಯಿರಿ. ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡಿನ ಆನ್‌ಲೈನ್ ಬಳಕೆ ಆಫ್ ಮಾಡಿ, ಬೇಕಾದಾಗ ಆನ್ ಮಾಡಿಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ಸಿಮ್ ಲಾಕ್ ಹಾಕಿ, ಆಗ ಸಿಮ್ಮನ್ನು ಬೇರೆ ಫೋನಿಗೆ ಹಾಕಿದರೂ ಪಿನ್ ಕೇಳುತ್ತದೆ. ಮೊದಲಿಂದ ಇರುವ ಪಿನ್ ಏನು ಅಂತ ಸಿಮ್ ಕಂಪನಿಯವರನ್ನು ಕೇಳಿಕೊಂಡೇ ಕೈ ಹಾಕಿ, ಸುಮ್ನೆ ಊಹೆ ಮಾಡಬೇಡಿ. ಮೂರು ಸಲ ತಪ್ಪಾದರೆ ಪಿಯುಕೆ ಕೋಡ್ ಕೇಳುತ್ತದೆ, ಮತ್ತೆ ಅವರ ಹತ್ತಿರವೇ ಓಡಬೇಕು.

ಕಳೆದುಹೋದರೆ ಮೊದಲ ಕಾಲ್ ನಿಮ್ಮ ನಂಬರ್‌ಗಲ್ಲ, ಸಿಮ್ ಬಂದ್ ಮಾಡಿಸೋದಕ್ಕೆ. ಎರಡನೆಯದು ಬ್ಯಾಂಕಿಗೆ. ದುಡ್ಡು ಹೋಗಿದೆ ಅಂತ ಗೊತ್ತಾದ ಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ. ನಾನು ಇದನ್ನು ಮಾಡಿದ್ದು ಮಾರನೇ ದಿನ, ಅಷ್ಟು ಹೊತ್ತಿಗೆ ವೋಚರ್ ಎಲ್ಲ ಖರ್ಚಾಗಿತ್ತು.

ಫುಟ್‌ಬೋರ್ಡ್ ಮೇಲೆ ಯಾರಾದರೂ ಸುಮ್ನೆ ನಿಂತರೆ ಬ್ಯಾಗನ್ನು ಹೊಟ್ಟೆಗೆ ಒತ್ತಿಕೊಳ್ಳಿ, ಇಲ್ಲಾ ಆ ಬಸ್ಸು ಬಿಟ್ಟುಬಿಡಿ. ಹತ್ತು ನಿಮಿಷಕ್ಕೆ ಇನ್ನೊಂದು ಬರುತ್ತೆ. ಬ್ಯಾಗಿನ ಬಗ್ಗೆ ನನಗಿರುವ ಜ್ಞಾನ ಇಷ್ಟೇ.

ಹಾಂ, ಮೊಬೈಲಿನ ಗುರುತಿನ ನಂಬರ್, ಅಂದರೆ 15 ಅಂಕಿಯ ಐಎಂಇಐ ನಂಬರನ್ನೂ ಬರೆದಿಟ್ಟುಕೊಳ್ಳಿ, *#06# ಒತ್ತಿದರೆ ಬರುತ್ತದೆ. ಕಳೆದ ಮೊಬೈಲಿಗೆ ಅಂತ ಸರ್ಕಾರ ಮಾಡಿರುವ ಸಿಇಐಆರ್ ಪೋರ್ಟಲ್‌ನಲ್ಲಿ ಮೊಬೈಲ್ ಬ್ಲಾಕ್ ಮಾಡಿಸಲು ಪೊಲೀಸ್ ದೂರಿನ ಜೊತೆ ಅದೂ ಬೇಕು. ನಾನು ಬರೆದಿಟ್ಟಿರಲಿಲ್ಲ. ಮೊಬೈಲ್ ಬಂದಿದ್ದ ಡಬ್ಬದ ಮೇಲೆ ಇರುತ್ತೆ ಅಂದರು. ಆ ಡಬ್ಬ ತಿಪಟೂರಿನಲ್ಲಿ ಅಮ್ಮನ ಹೊಲಿಗೆ ಮಷೀನಿನ ಪಕ್ಕ, ತುಂಬ ಗುಂಡಿ, ಹುಕ್ಕು ಹಾಕಿಕೊಂಡು ಕೂತಿತ್ತು. ಅಮ್ಮ ಕನ್ನಡಕ ಹುಡುಕಿ, ಪಕ್ಕದ ಮನೆಯವರ ಫೋನಿನಲ್ಲಿ ಒಂದೊಂದೇ ಅಂಕಿ ಓದಿ ಹೇಳಿದರು. ಎರಡು ಸಲ ತಪ್ಪಾಯಿತು.