ಎಕ್ಸ್‌ರೇ ಬ್ಯಾಡ್ಜ್ ಬಾಹ್ಯಾಕಾಶದಲ್ಲೂ ಇದೆಯಾ?

ಮಡಿಕೇರಿಯಲ್ಲಿ ಎಕ್ಸ್‌ರೇ ಟೆಕ್ನಿಷಿಯನ್ ಆಗಿರುವ ನಿಮ್ಮ ಅಕ್ಕ ಎದೆಗೆ ಸಿಕ್ಕಿಸಿಕೊಳ್ಳುವ, ಮೈಗೆ ತಗುಲಿದ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜನ್ನೇ ಗಗನಯಾತ್ರಿಗಳೂ ಹಾಕಿಕೊಳ್ತಾರಾ, ಲೆಕ್ಕ ನೋಡಲು ಭೂಮಿಗೇ ಬರಬೇಕಾ ಅಂತ ಕೇಳಿದ್ದೀರಿ.

ತತ್ವ ಅದೇ ಸರ್. ಬ್ಯಾಡ್ಜಿನೊಳಗಿನ ಹರಳು ವಿಕಿರಣದ ಶಕ್ತಿಯನ್ನು ಹಿಡಿದಿಟ್ಟುಕೊಂಡು, ಕಾಯಿಸಿದಾಗ ಬೆಳಕಾಗಿ ಬಿಡುತ್ತದೆ. ಅಕ್ಕನ ಬ್ಯಾಡ್ಜ್ ಮೂರು ತಿಂಗಳಿಗೊಮ್ಮೆ ಲ್ಯಾಬಿಗೆ ಹೋಗುತ್ತದಲ್ಲ, ಬಾಹ್ಯಾಕಾಶದಲ್ಲಿ ಅಷ್ಟು ಕಾಯಬೇಕಿಲ್ಲ. ಹಂಗೇರಿಯವರ ‘ಪಿಲ್ಲೆ’ ಎಂಬ ಪುಟ್ಟ ಯಂತ್ರ 1980ರಲ್ಲೇ ಸೋವಿಯತ್ ಬಾಹ್ಯಾಕಾಶ ನಿಲ್ದಾಣ ಸಲ್ಯೂತ್-6ರೊಳಗೆ ಕೂತು ಡೋಸ್ (ತಗುಲಿದ ವಿಕಿರಣದ ಪ್ರಮಾಣ) ಓದಿತ್ತು. ಅದರ ಹೊಸ ರೂಪ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೂ ಹೋಗಿದೆ. ಇದಲ್ಲದೆ ಎಲೆಕ್ಟ್ರಾನಿಕ್ ಮೀಟರುಗಳೂ ಇವೆ.

ಆದರೆ ಟಿಎಲ್‌ಡಿ ಒಂದೇ ಸಾಲದು. ನಮ್ಮ ತೋಟದ ಮಳೆಮಾಪಕ ಎಷ್ಟು ಇಂಚು ಬಿತ್ತು ಅನ್ನುತ್ತದೆ, ಜಡಿಮಳೆಯೋ ಆಲಿಕಲ್ಲೋ ಅನ್ನುವುದಿಲ್ಲ. ಮೇಲೆ ಕಬ್ಬಿಣದಂಥ ಭಾರದ ಪರಮಾಣು ಬೀಜಗಳೂ ನುಗ್ಗುತ್ತವೆ. ಅವುಗಳ ಹಾನಿ ಹೆಚ್ಚು, ಟಿಎಲ್‌ಡಿ ಎಣಿಸುವುದು ಮಾತ್ರ ಕಡಿಮೆ. ಅದಕ್ಕೇ ಸಿಆರ್-39 ಪ್ಲಾಸ್ಟಿಕ್ ತುಂಡನ್ನೂ ಇಡುತ್ತಾರೆ (ಕನ್ನಡಕಕ್ಕೆ ಬಳಸುವುದೇ!). ಕ್ಷಾರದಲ್ಲಿ ಅದ್ದಿದರೆ ಕಣ ಹಾದ ಜಾಡು ಕುಳಿಯಾಗಿ ಕಾಣುತ್ತದೆ. ಇದನ್ನು ಮಾತ್ರ ಭೂಮಿಗೆ ತಂದೇ ನೋಡಬೇಕು.

ನಿಲ್ದಾಣದಲ್ಲಿ ಆರು ತಿಂಗಳ ವಾಸಕ್ಕೆ ಡೋಸ್ ಸುಮಾರು 80ರಿಂದ 160 ಮಿಲಿಸೀವರ್ಟ್ (ವಿಕಿರಣದ ಡೋಸ್ ಅಳೆಯುವ ಮಾನ). ನಾಸಾ ಇಟ್ಟಿರುವ ವೃತ್ತಿಜೀವನದ ಮಿತಿ 600. ಅಕ್ಕನಿಗೆ ವರ್ಷದ ಸರಾಸರಿ ಮಿತಿಯೇ 20, ಸರಿಯಾಗಿ ಕೆಲಸ ಮಾಡುವ ಎಕ್ಸ್‌ರೇ ಕೋಣೆಯಲ್ಲಿ ಅದರ ಹತ್ತಿರವೂ ಹೋಗುವುದಿಲ್ಲ.